ನೆರಳಿಗೆ ಮುಚ್ಚದ ಚಿಪ್ಪು

ನಮ್ಮಮ್ಮನ ತಮ್ಮನನ್ನು ನಾವೆಲ್ಲ ಕರೆಯುವುದು ಹಲ್ಲುಮಾವ ಎಂದು. ಅವನ ಹಲ್ಲು ಮುಂದೆ ಬಂದಿವೆ ಅಂದುಕೊಳ್ಳಬೇಡಿ, ಪಾಪ, ಅವನವು ಒಪ್ಪವಾಗಿಯೇ ಇವೆ. ಅವನ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿ ಹಾಕಿ ಕಳಿಸುತ್ತಾರೆ. ಮಾವ ಅದಕ್ಕೆ ಪ್ಲಾಸ್ಟರ್ ಸುರಿದು, ಗುಲಾಬಿ ಮೇಣದಲ್ಲಿ ವಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಊರಿನ ಅರ್ಧಕ್ಕರ್ಧ ಮುದುಕರ ನಗು ಅವನ ಕೈಯಿಂದ ಹೋದದ್ದು. ಆದರೆ ಅವರಲ್ಲಿ ಒಬ್ಬರೂ ಅವನನ್ನು ನೋಡಿ ನಕ್ಕವರಲ್ಲ, ಯಾಕೆಂದರೆ ಒಬ್ಬರೂ ಅವನನ್ನು ನೋಡಿಲ್ಲ. ಅವನ ಬಳಿಗೆ ಬಾಯಿ ಬರುತ್ತದೆ, ಮನುಷ್ಯರು ಬರುವುದಿಲ್ಲ.

ಕೆಲಸದ ಕೋಣೆ ಇರುವುದು ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ಒಂದೇ ಕಿಟಕಿ, ಅದೂ ರಸ್ತೆಯ ಮಟ್ಟಕ್ಕೆ. ಅಲ್ಲಿ ಕುಳಿತರೆ ಕಾಣುವುದು ಹೋಗುವವರ ಕಾಲುಗಳು ಮಾತ್ರ. "ನನಗೆ ಹಲ್ಲು ಗೊತ್ತು, ಪಾದ ಗೊತ್ತು. ಮಧ್ಯದ್ದು ಏನಿದೆಯೋ ನನಗೆ ಗೊತ್ತಿಲ್ಲಪ್ಪ" ಎಂದು ಅವನೇ ತಮಾಷೆ ಮಾಡುತ್ತಾನೆ. ವಯಸ್ಸಿನಲ್ಲಿ ಒಮ್ಮೆ ಮದುವೆಯ ಮಾತು ಬಂದಿತ್ತಂತೆ. ಹುಡುಗಿಯನ್ನು ನೋಡಿ ಬಂದವನನ್ನು ಅಮ್ಮ, "ಹೇಗಿದಾಳೋ?" ಎಂದು ಕೇಳಿದರೆ, "ಕೆಳಗಿನ ಸಾಲಲ್ಲಿ ಒಂದು ಸ್ವಲ್ಪ ವಾಲಿದೆ" ಅಂದನಂತೆ. ಆ ಮಾತು ಹುಡುಗಿಯ ಮನೆಯವರ ಕಿವಿಗೂ ಬಿದ್ದು, ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ನಮ್ಮ ಮನೆಯಲ್ಲಿ ಈಗಲೂ ಇದನ್ನು ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಮಾವನೂ ನಗುತ್ತಾನೆ. ಆದರೆ ನಾವೆಲ್ಲ ಇರುವುದು ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದಲ್ಲಿ. ನಕ್ಕು ಫೋನಿಟ್ಟ ಮೇಲೆ ಅವನ ಮನೆ ಹೇಗಿರುತ್ತದೆ ಎಂದು ನಾವು ಯೋಚಿಸಿದ್ದೇ ಇಲ್ಲ.

ಅವನ ಮನೆ ಎರಡು ಕೋಣೆಯದು, ಮೂರನೇ ಮಹಡಿ. ಅಲ್ಲಿಗೆ ಆ ಗಾಜಿನ ತೊಟ್ಟಿ ಬಂದದ್ದು ಒಬ್ಬ ಡಾಕ್ಟರು ಕ್ಲಿನಿಕ್ ಮುಚ್ಚಿದಾಗ. ರೋಗಿಗಳು ಕಾಯುವ ಕೋಣೆಯಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂ. "ತಗೊಂಡು ಹೋಗ್ರೀ, ನಿಮಗೂ ಒಂದು ಜೊತೆಯಾಗುತ್ತೆ" ಅಂದರಂತೆ ಡಾಕ್ಟರು. ಮಾವ ತಂದ. ಮೊದಮೊದಲು ಎಲ್ಲ ಎಡವಟ್ಟು. ನೀರಿಗೆ ಉಪ್ಪು ಹೆಚ್ಚು, ಆಮೇಲೆ ಕಡಿಮೆ. ಬಂದ ಮೀನು ಬಂದಷ್ಟೇ ಬೇಗ ಹೋಯಿತು. ಆದರೆ ಅವನು ಹಲ್ಲಿನ ಮನುಷ್ಯ, ಕೂದಲೆಳೆಯಷ್ಟು ತಪ್ಪಿದರೂ ಒಡೆದು ಮತ್ತೆ ಮಾಡುವ ಜಾತಿ. ಬಿಡಲಿಲ್ಲ. ನಿಧಾನಕ್ಕೆ ಕಲ್ಲಿನ ಮೇಲೆ ಹವಳ ಹಿಡಿಯಿತು, ಎರಡು ಕಿತ್ತಳೆ ಬಣ್ಣದ ಮೀನು ನೆಲೆಯಾದವು. ಆಮೇಲೆ ಅವನು ಆ ಕಪ್ಪೆಚಿಪ್ಪನ್ನು ತಂದ.

ಸಮುದ್ರದ ದಂಡೆಯಲ್ಲಿ ನಾವು ಆರಿಸುವ ಖಾಲಿ ಚಿಪ್ಪಲ್ಲ, ಜೀವ ಇರುವುದು. ಅಂಗೈಯಗಲ ಇತ್ತು. ಕಲ್ಲಿಗೆ ಕಚ್ಚಿಕೊಂಡು ಕೂತು ಬಾಯಿ ತೆರೆದರೆ, ಎರಡೂ ಚಿಪ್ಪಿನ ಅಂಚಿನಿಂದ ಹೊರಗೆ ಒಂದು ನೀಲಿ ಸೆರಗು ಚೆಲ್ಲುತ್ತಿತ್ತು. ಎಂಥ ನೀಲಿ ಅಂತೀರಿ! ಅದರ ಮೇಲೆ ಕಪ್ಪು ಚುಕ್ಕೆ, ಹಸಿರು ಗೆರೆ. ಅದಕ್ಕೆ ಊಟ ಹಾಕುವ ಕೆಲಸವೂ ಹೆಚ್ಚಿಲ್ಲ, ಮೇಲಿನ ದೀಪದ ಬೆಳಕನ್ನೇ ಉಂಡು ಬದುಕುತ್ತದೆ. ಒಂದೇ ಒಂದು ಗುಣ, ವಿಪರೀತ ಪುಕ್ಕಲು. ಯಾರ ನೆರಳು ಬಿದ್ದರೂ ಪಟಕ್ಕನೆ ಮುಚ್ಚಿಕೊಳ್ಳುತ್ತಿತ್ತು.

ಮಾವ ದಿನಾ ಬೆಳಿಗ್ಗೆ ಚಹಾ ಲೋಟ ಹಿಡಿದು ಅದರ ಮುಂದೆ ಕುರ್ಚಿ ಹಾಕಿ ಕೂರುತ್ತಿದ್ದ. ಅವನು ಬಗ್ಗಿದರೆ ಅದು ಮುಚ್ಚುತ್ತಿತ್ತು, ಹಿಂದೆ ಸರಿದರೆ ತೆರೆಯುತ್ತಿತ್ತು. ಹೀಗೇ ಎಷ್ಟೋ ಕಾಲ. ಒಂದು ದಿನ ಅವನು ಬಗ್ಗಿದ, ಅದು ಮುಚ್ಚಲಿಲ್ಲ. ಅಂಚು ಒಂಚೂರು ನಡುಗಿತು, ಅಷ್ಟೇ. ಮರುದಿನವೂ ಮುಚ್ಚಲಿಲ್ಲ. ಅವತ್ತು ವಾರದ ಮಧ್ಯೆ ನಮ್ಮ ಮನೆಗೆ ಫೋನ್ ಬಂತು. ಯಾವಾಗಲೂ ಭಾನುವಾರ ಮಾತ್ರ ಮಾಡುವವನು, ಅಮ್ಮ ಗಾಬರಿಯಾದಳು.

"ಅಕ್ಕಾ, ಅದು ನನ್ನ ಗುರುತು ಹಿಡೀತು!"

"ಯಾವುದೋ?"

"ಚಿಪ್ಪು ಕಣೇ. ನನ್ನ ನೆರಳಿಗೆ ಮುಚ್ಚಲ್ಲ ಈಗ."

"ಅಯ್ಯೋ ನಿನ್ನ ತಲೆ! ನಾನು ಏನಾಯ್ತೋ ಅಂತ ಒಲೆ ಮೇಲೆ ಹಾಲು ಉಕ್ಕಿಸಿಕೊಂಡು ಓಡಿ ಬಂದೆ" ಎಂದು ಬೈದಳು ಅಮ್ಮ. ಆದರೆ ಅವನ ದನಿಯಲ್ಲಿ ಏನಿತ್ತೋ, ಫೋನಿಟ್ಟ ಮೇಲೆ ಒಲೆ ಒರೆಸುತ್ತ ತಾನೇ ತಾನಾಗಿ ನಕ್ಕಳು.

ಹೀಗೆ ಒಂದು ವರ್ಷಕ್ಕೂ ಮೇಲೆ ನಡೆಯಿತು. ಈಚೆಗೆ ಒಂದು ವಾರದಿಂದ ಅದು ಇನ್ನೂ ಅಗಲವಾಗಿ ತೆರೆಯತೊಡಗಿತ್ತು. ಸೆರಗಿನ ನಡುವೆ ಸಣ್ಣ ಸೀಳಿನಂತೆ ಇರುತ್ತಿದ್ದ ಬಾಯಿ ಈಗ ದೊಡ್ಡದಾಗಿ ಬಿಟ್ಟುಕೊಂಡಿತ್ತು. ಮಾವನಿಗೆ ಹಿಗ್ಗೋ ಹಿಗ್ಗು. ಅವನ ಲೆಕ್ಕವೇ ಬೇರೆ ನೋಡಿ. ಡಾಕ್ಟರುಗಳ ಬಾಯಲ್ಲಿ ಜೀವಮಾನವಿಡೀ ಕೇಳಿದ್ದಾನೆ, ಹೆದರಿದ ರೋಗಿ ಬಾಯಿ ಬಿಡುವುದಿಲ್ಲ, ನಂಬಿದವನು ಪೂರ್ತಿ ಬಿಡುತ್ತಾನೆ ಎಂದು. ಫೋಟೋ ತೆಗೆದು ನಮಗೆಲ್ಲ ಕಳಿಸಿದ. ಕೆಳಗೆ ಬರೆದಿದ್ದ: "ನೋಡಿ, ಹೇಗೆ ನಗ್ತಿದೆ." ನಾನೂ ಒಂದು ನಗುವ ಮುಖ ಕಳಿಸಿ ಸುಮ್ಮನಾದೆ.

ಆಮೇಲೆ ಆ ಬೆಳಿಗ್ಗೆ ಬಂತು. ತೊಟ್ಟಿಯ ದೀಪ ಎಂದಿನಂತೆ ತಾನಾಗಿ ಹತ್ತಿಕೊಂಡಿದೆ, ಮಾವ ಚಹಾ ಹಿಡಿದು ಬಂದು ಕೂತಿದ್ದಾನೆ. ಚಿಪ್ಪು ತೆರೆದೇ ಇದೆ, ಆದರೆ ಸೆರಗು ಹೊರಗಿಲ್ಲ. ನೀಲಿಯೆಲ್ಲ ಒಳಗೆ ಮುದುರಿ, ಒಗೆದು ಹಿಂಡಿಟ್ಟ ಬಟ್ಟೆಯಂತೆ ಒಂದು ಬದಿಗೆ ಬಿದ್ದಿದೆ. ಬಾಯಿ ಮಾತ್ರ ಹೋ ಎಂದು ತೆರೆದಿದೆ. ಹಿಂದಿನ ಸಂಜೆ ಚೆನ್ನಾಗಿಯೇ ಇತ್ತು. ಮಾವ ಲೋಟವನ್ನು ನೆಲದ ಮೇಲಿಟ್ಟು ಮೀನಿನ ಅಂಗಡಿಯವನಿಗೆ ಫೋನ್ ಹಚ್ಚಿದ, ಫೋಟೋಗಳನ್ನೂ ಕಳಿಸಿದ.

"ಸಾರ್, ವಾರದ ಹಿಂದಿನ ಈ ಫೋಟೋ ಇದೆಯಲ್ಲ, ಆವಾಗಲೇ ಯಾಕೆ ಕಳಿಸಲಿಲ್ಲ ನೀವು?"

"ಆವಾಗ ಚೆನ್ನಾಗಿತ್ತಲ್ಲ. ನಗ್ತಾ ಇತ್ತು."

"ಅಯ್ಯೋ ಸಾರ್, ಅದು ನಗೋದಲ್ಲ. ಆಗದೇ ಇದ್ದಾಗ ಹಾಗೆ ಬಾಯಿ ಬಿಡುತ್ತೆ. ಉಸಿರು ಕಟ್ಟಿದೋರು ಬಿಡಲ್ವಾ, ಹಾಗೆ."

ಅಂಗಡಿಯವನೇ ಮುಂದುವರಿಸಿದ. "ಈಗ ಕೇಳಿ. ಸತ್ತಿದ್ದರೆ ಈಗಲೇ ತೆಗೀಬೇಕು. ಅದು ಕೊಳೆತರೆ ನೀರೆಲ್ಲ ವಿಷ. ಸಂಜೆಯೊಳಗೆ ಹವಳ, ಮೀನು ಎಲ್ಲ ಹೋಗುತ್ತೆ. ಬದುಕಿದ್ದರೆ ಮುಟ್ಟಲೇಬೇಡಿ, ಕಡ್ಡೀಲಿ ಚುಚ್ಚೋಕೂ ಹೋಗಬೇಡಿ, ಅದೇ ಕೊನೆಯಾಗಿಬಿಡುತ್ತೆ. ಸುಮ್ಮನೆ ಮೇಲೆ ಕೈ ಅಡ್ಡ ಹಿಡಿದು ನೆರಳು ಮಾಡಿ. ಮುಚ್ಚಿಕೊಂಡರೆ ಜೀವ ಇದೆ."

"ನನ್ನ ನೆರಳಿಗೆ ಅದು ಮುಚ್ಚಲ್ಲ."

"ಅಂದರೆ ಹೋಯ್ತು ಅಂತ ಅರ್ಥ ಸಾರ್."

"ಅಲ್ಲ, ಚೆನ್ನಾಗಿದ್ದಾಗಲೂ ಮುಚ್ಚಲ್ಲ. ಅದಕ್ಕೆ ನನ್ನ ಗುರುತಿದೆ."

"ಹಾಗಾದರೆ ಬೇರೆ ಯಾರನ್ನಾದರೂ ಕರೀರಿ. ಅವರ ಕೈ ಹಿಡಿಸಿ."

"ಯಾರನ್ನ ಕರೀಲಿ?"

"ಯಾರಾದರೂ ಸಾರ್! ಮನೇಲಿ ಯಾರೂ ಇಲ್ವಾ? ಪಕ್ಕದವರು, ಮೇಲಿನವರು? ಒಂದು ಕೈ ಸಾಕು."

ಫೋನಿಟ್ಟು ಮಾವ ತೊಟ್ಟಿಯ ಮುಂದೆ ನಿಂತ. ಒಂದು ಕೈ ಸಾಕು ಅಂದನಲ್ಲ ಮಹಾರಾಯ, ಅದೇ ಇರಲಿಲ್ಲ. ಆ ಮನೆಗೆ ಎರಡನೇ ಮನುಷ್ಯ ಕಾಲಿಟ್ಟು ಎಷ್ಟು ಕಾಲವಾಗಿತ್ತೋ ಅವನಿಗೇ ನೆನಪಿಲ್ಲ. ಮೊದಲು ತಾನೇ ಬೇರೆಯವನಾಗಲು ನೋಡಿದ. ಊಟದ ತಟ್ಟೆ ತಂದು ದೀಪಕ್ಕೆ ಅಡ್ಡ ಹಿಡಿದ, ಅಲುಗಲಿಲ್ಲ. ಕೆಲಸದ ಏಪ್ರನ್ ಬಿಡಿಸಿ ಹಿಡಿದ, ಅಲುಗಲಿಲ್ಲ. ಕೊನೆಗೆ ಕೊಡೆ ತಂದು, ಮನೆಯ ಒಳಗೇ ಬಿಚ್ಚಿ, ಕಳ್ಳ ಬಂದ ಹಾಗೆ ಪಕ್ಕದಿಂದ ಮೆಲ್ಲಗೆ ಬಂದು ತೊಟ್ಟಿಯ ಮೇಲೆ ಹಿಡಿದ. ಚಿಪ್ಪು ಹಾಗೆಯೇ ಇತ್ತು. ಸತ್ತಿದ್ದಕ್ಕೆ ಸುಮ್ಮನಿದೆಯೋ, ಕೊಡೆಯ ಹಿಂದೆ ತಾನೇ ಇದ್ದೇನೆ ಎಂದು ಗೊತ್ತಾಗಿ ಸುಮ್ಮನಿದೆಯೋ?

ತೆಗೆದುಬಿಟ್ಟರೆ, ಜೀವ ಇದ್ದದ್ದನ್ನು ತಾನೇ ಕಿತ್ತ ಹಾಗೆ. ಬಿಟ್ಟರೆ ಉಳಿದದ್ದೂ ಹೋಗುತ್ತದೆ. ಮಾವ ಕೊಡೆ ಮಡಿಸಿದ, ಚಪ್ಪಲಿ ಮೆಟ್ಟಿದ, ಎದುರಿನ ಮನೆಯ ಬಾಗಿಲು ಬಡಿದ.

ಎದುರಿಗಿದ್ದವರು ಬಸ್ಸಿನ ಕಂಡಕ್ಟರಮ್ಮ, ಅವರ ಅತ್ತೆಯ ಜೊತೆ ಇದ್ದಾರೆ. ಮೆಟ್ಟಿಲಲ್ಲಿ ಸಿಕ್ಕರೆ ಇಬ್ಬರೂ ತಲೆಯಾಡಿಸುತ್ತಿದ್ದರು, ಅದಕ್ಕಿಂತ ಹೆಚ್ಚಿನ ಪರಿಚಯವಿಲ್ಲ. ಬಾಗಿಲು ತೆರೆದಾಗ ಅವರು ಸಮವಸ್ತ್ರದಲ್ಲಿದ್ದರು, ಒಂದು ಕೈಯಲ್ಲಿ ಬಾಚಣಿಗೆ.

"ಏನ್ ಸಾರ್? ನೀರು ನಿಂತೋಯ್ತಾ?"

"ಇಲ್ಲ. ನಿಮ್ಮ ಕೈ ಬೇಕಿತ್ತು."

"ಏನು?"

"ಅಂದರೆ... ನಿಮ್ಮ ನೆರಳು. ನಮ್ಮನೇಲಿ ಒಂದು ಚಿಪ್ಪಿದೆ, ಅದರ ಮೇಲೆ ಸ್ವಲ್ಪ ನೆರಳು ಹಾಕಿದರೆ..."

ಒಳಗಿನಿಂದ ಅತ್ತೆಯ ದನಿ ಬಂತು. "ಯಾರೇ ಅದು?"

"ಎದುರುಮನೆಯವರು ಅತ್ತೆ. ನೆರಳು ಸಾಲ ಕೇಳೋಕೆ ಬಂದಿದಾರೆ!" ಎಂದು ಕೂಗಿ ಕಂಡಕ್ಟರಮ್ಮ ಮಾವನ ಮುಖ ನೋಡಿದರು. ಅಲ್ಲಿ ಏನು ಕಂಡಿತೋ, ನಗು ನಿಲ್ಲಿಸಿ ಬಾಚಣಿಗೆಯನ್ನು ಕೂದಲಿಗೆ ಸಿಕ್ಕಿಸಿಕೊಂಡು, "ನಡೀರಿ ನಡೀರಿ, ಬಸ್ಸಿಗೆ ಹೊತ್ತಾಗುತ್ತೆ" ಎಂದು ಮಾವನಿಗಿಂತ ಮುಂದೆ ಹೊರಟೇಬಿಟ್ಟರು.

ತೊಟ್ಟಿ ನೋಡಿ ಅವರು ಬಾಗಿಲಲ್ಲೇ ನಿಂತರು. "ಅಬ್ಬಾ! ಬಾಗಿಲ ಈ ಕಡೆ ಸಮುದ್ರ ಇಟ್ಕೊಂಡು ಒಂದು ದಿನ ಬಾಯಿ ಬಿಟ್ಟಿಲ್ಲವಲ್ಲ ಸಾರ್ ನೀವು!"

"ಇದೇ. ಇಲ್ಲಿ. ಮೇಲೆ ಕೈ ಹಿಡೀರಿ. ನೀರಿಗೆ ತಾಗಬಾರದು."

ಕಂಡಕ್ಟರಮ್ಮ ಕೈ ಚಾಚಿದರು. ನೆರಳು ಕಲ್ಲಿನ ಮೇಲೆ ಬಿತ್ತು, ಚಿಪ್ಪಿನ ಮೇಲೆ ಬಿತ್ತು. ಏನೂ ಆಗಲಿಲ್ಲ. ಆಮೇಲೆ ಚಿಪ್ಪಿನ ಎರಡು ಅಂಚುಗಳು ನಿಧಾನಕ್ಕೆ, ಹಳೆಯ ಕದದಂತೆ, ಹತ್ತಿರ ಬಂದವು. ಪೂರ್ತಿ ಅಲ್ಲ, ಅರ್ಧಕ್ಕೆ ಬಂದು ನಿಂತವು.

"ಅಯ್ಯಯ್ಯೋ, ನೋಡಿ ಸಾರ್! ನನ್ನ ಕಂಡರೆ ಟಿಕೆಟ್ ಇಲ್ಲದವರ ಹಾಗೆ ಮುಖ ಮುಚ್ಕೊಳ್ತಿದೆ!"

ಮಾವ ನಕ್ಕುಬಿಟ್ಟ. ಗಟ್ಟಿಯಾಗಿ ನಕ್ಕ. ಅದಕ್ಕೆ ಜೀವ ಇತ್ತು. ಅದಕ್ಕಿಂತ ಹೆಚ್ಚಾಗಿ, ಅದು ಬೇರೆಯವರಿಗೆ ಮುಚ್ಚುತ್ತದೆ, ತನಗೆ ಮುಚ್ಚುವುದಿಲ್ಲ. ಅಂದರೆ ಆ ಒಂದು ವರ್ಷ ಸುಳ್ಳಲ್ಲ. ಅವನಿಗೆ ಎಷ್ಟು ಮಾತು ಬಂತೆಂದರೆ, ಕುರ್ಚಿ ಎಳೆದ, ಕೂರಿ ಅಂದ, ಹವಳ ತೋರಿಸಿದ, ಆ ಮೀನು ಹೆಣ್ಣು ಈ ಮೀನು ಗಂಡು ಅಂದ, ಚಹಾ ಮಾಡಲಾ ಅಂದ. ಕಂಡಕ್ಟರಮ್ಮ ಬಾಗಿಲ ಕಡೆಗೆ ಹಿಂದೆ ಹಿಂದೆ ನಡೆಯುತ್ತ, "ಸಂಜೆ ಬರ್ತೀನಿ ಸಾರ್, ಅತ್ತೆನೂ ಕರ್ಕೊಂಡು ಬರ್ತೀನಿ, ಅವರಿಗೆ ಇಂಥದ್ದೆಲ್ಲ ಪ್ರಾಣ" ಎಂದು ಹೇಳಿ ಮೆಟ್ಟಿಲಿಳಿದರು.

ಅವತ್ತು ಮಾವ ನೆಲಮಾಳಿಗೆಯಲ್ಲಿ ಕುಳಿತು ಒಂದು ಮೇಲಿನ ಸೆಟ್ಟನ್ನು ಎರಡು ಸಲ ಕೆಡಿಸಿದ. ಕೆಲಸ ಬಿಟ್ಟು ಬೇಗ ಎದ್ದ. ಬರುವಾಗ ದಾರಿಯಲ್ಲಿ ಬಿಸ್ಕತ್ತು ಕೊಂಡ, ಎರಡು ಹೊಸ ಲೋಟವನ್ನೂ ಕೊಂಡ. ಮನೆಯಲ್ಲಿದ್ದದ್ದು ಒಂದೇ ಲೋಟ.

ಬಾಗಿಲು ತೆರೆದಾಗಲೇ ವಾಸನೆ ಬಂತು.

ನೀರು ಮಸುಕಾಗಿತ್ತು. ಮೀನುಗಳೆರಡೂ ಮೇಲೆ ಬಂದು ಬಾಯಿ ಆಡಿಸುತ್ತಿದ್ದವು. ಚಿಪ್ಪು ಹಾರುಹೊಡೆದಂತೆ ತೆರೆದು ಬಿದ್ದಿತ್ತು, ಒಳಗಿನ ನೀಲಿ ಅಲ್ಲಲ್ಲಿ ಕಳಚಿ ಬೂದು ಬಣ್ಣದ ದಾರ ದಾರವಾಗಿತ್ತು. ಮಾವ ಆದರೂ ಬಗ್ಗಿ ಕೈ ಅಡ್ಡ ಹಿಡಿದ. ಮುಚ್ಚಿಕೋ ಎಂದು ಅವನು ಅದನ್ನು ಕೇಳಿಕೊಂಡದ್ದು ಅದೇ ಮೊದಲು. ಯಾರೋ ಗುರುತಿಲ್ಲದವನು ಅಂದುಕೊಂಡಾದರೂ ಮುಚ್ಚಿಕೋ. ಅದು ತೆರೆದೇ ಇತ್ತು.

ಹೊತ್ತಿರಲಿಲ್ಲ. ಕೈಗವಸು ಹಾಕಿ, ಕಲ್ಲಿನ ಸಮೇತ ಎತ್ತಿ ಬಕೆಟ್ಟಿಗಿಟ್ಟ. ಕೊಳವೆ ಹಾಕಿ ಹಳೆ ನೀರು ಹೊರಗೆ ಬಿಟ್ಟ, ಉಪ್ಪು ಕಲೆಸಿಟ್ಟಿದ್ದ ಹೊಸ ನೀರು ಸುರಿದ. ನೆಲವೆಲ್ಲ ಒದ್ದೆ, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಆ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ಕಂಡಕ್ಟರಮ್ಮ, ಹಿಂದೆ ಅವರ ಅತ್ತೆ, ಒಳ್ಳೆ ಬಟ್ಟೆ ಉಟ್ಟು ತಲೆ ಬಾಚಿಕೊಂಡು ಬಂದಿದ್ದರು.

"ಎಲ್ಲಿ ಸಾರ್ ನಮ್ಮ ನಾಚಿಕೆ ಮುದ್ದೆ?" ಎಂದವರು ಬಕೆಟ್ಟು ನೋಡಿದರು. ಮೂಗಿಗೆ ಕೈ ಹೋಯಿತು, ತಕ್ಷಣ ಕೆಳಗಿಳಿಸಿದರು. "ಅಯ್ಯೋ. ಬೆಳಿಗ್ಗೆ ಇತ್ತಲ್ಲ. ನಾನು ಹೆದರಿಸಿದ್ದಕ್ಕಾ ಸಾರ್?"

ಅಲ್ಲ ಎನ್ನಬೇಕಿತ್ತು. ಅಷ್ಟೇ ಹೇಳಬೇಕಾಗಿದ್ದದ್ದು. ಆದರೆ ಆ ಕ್ಷಣದಲ್ಲಿ ಮಾವನ ತಲೆಗೆ ಅಂಗಡಿಯವನ ಮಾತು ಬಂತು, ಬದುಕಿದ್ದರೆ ಮುಟ್ಟಬೇಡಿ ಎಂದದ್ದು. ಅಷ್ಟು ಸುಸ್ತಾದದ್ದನ್ನು ಕಷ್ಟಪಟ್ಟು ಮುಚ್ಚುವಂತೆ ಮಾಡಿದ್ದು ತಪ್ಪಾಯಿತೇ ಎಂದು ಅವನು ನಿಜವಾಗಿಯೂ ಯೋಚಿಸಿದ. "ಅಲ್ಲ, ಅಲ್ಲ" ಎಂದು ಅಂದ, ಆದರೆ ತಡವಾಗಿ ಅಂದ. ಕಂಡಕ್ಟರಮ್ಮ ಅವನ ಮುಖವನ್ನೇ ನೋಡುತ್ತಿದ್ದರು. "ಬರ್ತೀವಿ ಸಾರ್" ಎಂದು ಅತ್ತೆಯ ಮೊಣಕೈ ಹಿಡಿದು ತಿರುಗಿಸಿದರು. "ಏನೂ ತೋರಿಸಲಿಲ್ಲವಲ್ಲೇ" ಎಂದು ಅತ್ತೆ ಗೊಣಗುವುದು ಎದುರಿನ ಬಾಗಿಲು ಮುಚ್ಚುವವರೆಗೂ ಕೇಳಿಸಿತು.

ಅವತ್ತಿನಿಂದ ಕಂಡಕ್ಟರಮ್ಮನ ಹೆಜ್ಜೆ ಸದ್ದು ಕೇಳಿಸುವುದು ನಿಂತಿತು. ಮೊದಲು ದಡದಡ ಇಳಿಯುತ್ತಿದ್ದವರು. ಈಗ ಮೆಟ್ಟಿಲಲ್ಲೂ ಸಿಗುತ್ತಿರಲಿಲ್ಲ. ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ ಎಂದು ಮಾವನಿಗೆ ಖಾತ್ರಿಯಾಯಿತು. ಅಂಗಡಿಯವನನ್ನು ಕೇಳಿದ. "ನೆರಳಿಗೆ ಯಾರು ಸಾಯ್ತಾರೆ ಸಾರ್? ಅದು ಆಗಲೇ ಹೋಗೋದರಲ್ಲಿತ್ತು. ಇವು ಹಾಗೇ, ಯಾಕೆ ಅಂತ ನಮಗೂ ಗೊತ್ತಾಗಲ್ಲ. ಇನ್ನೊಂದು ಬಂದಿದೆ, ಹಸಿರು, ಎತ್ತಿಡಲಾ?" ಬೇಡ ಎಂದ ಮಾವ.

ಭಾನುವಾರ ಫೋನಿನಲ್ಲಿ ಎಲ್ಲ ಹೇಳಿದ. ಅಮ್ಮ ಮೊದಲು ನಕ್ಕಳು, ಕೊಡೆಯ ವಿಷಯಕ್ಕೆ. ಆಮೇಲೆ ಬೈದಳು.

"ಅದನ್ನ ನನಗೆ ಹೇಳಿದರೆ ಏನು ಬಂತು? ಹೋಗಿ ಆಕೆಗೆ ಹೇಳು, ನಿಮ್ಮಿಂದ ಅಲ್ಲ ಅಂತ. ಬಾಗಿಲು ಬಡಿ. ಒಂದು ಸಲ ಬಡಿದಿದೀಯಲ್ಲ, ಕೈ ಸವೆದುಹೋಯ್ತಾ?"

"ಆವಾಗ ಅದಕ್ಕೋಸ್ಕರ ಬಡಿದೆ ಅಕ್ಕಾ. ಈಗ ಯಾರಿಗೋಸ್ಕರ ಬಡೀಲಿ?"

ಅಮ್ಮ "ಊಟ ಮಾಡು" ಎಂದು ಹೇಳಿ ಫೋನಿಟ್ಟಳು.

ಮಾವ ಬಾಗಿಲು ಬಡಿಯಲಿಲ್ಲ. ಅವನು ಮಾಡಿದ್ದು ಕೇಳಿ. ಕಂಡಕ್ಟರಮ್ಮ ಯಾವ ಬಸ್ಸಿನವರು ಎಂದು ಡಿಪೋದಲ್ಲಿ ವಿಚಾರಿಸಿ, ರಜೆ ಹಾಕಿ, ಆ ಬಸ್ಸು ಹತ್ತಿದ. ಕಾಲಿಡಲು ಜಾಗವಿಲ್ಲದಷ್ಟು ಜನ. ಕಂಡಕ್ಟರಮ್ಮ ಜನರ ನಡುವೆ ಈಜಿಕೊಂಡು ಬಂದು, ಮುಖ ನೋಡದೆಯೇ ಕೇಳಿದರು.

"ಎಲ್ಲಿಗೆ?"

"ನಿಮ್ಮಿಂದ ಅಲ್ಲ."

"ಏನಂದ್ರಿ?" ತಲೆಯೆತ್ತಿದರು. "ಓ, ಸಾರ್! ನೀವೇನಿಲ್ಲಿ?"

"ಚಿಪ್ಪು ಹೋಗಿದ್ದು. ಅದು ನಿಮ್ಮಿಂದ ಅಲ್ಲ. ಅಂಗಡಿಯವನನ್ನೂ ಕೇಳಿದೆ."

"ರೀ, ಟಿಕೆಟ್ ತಗೊಳ್ರೀ, ಕಥೆ ಆಮೇಲೆ ಹೇಳಿ" ಎಂದಿತು ಹಿಂದಿನ ಒಂದು ದನಿ. ಮಾವ ಕೊನೆಯ ನಿಲ್ದಾಣಕ್ಕೆ ಟಿಕೆಟ್ ಕೊಂಡ. ಬಸ್ಸು ಖಾಲಿಯಾಗುತ್ತ ಆಗುತ್ತ, ಕೊನೆಗೆ ಅವನೊಬ್ಬನೇ ಉಳಿದ. ಡ್ರೈವರು ಚಹಾ ಕುಡಿಯಲು ಇಳಿದ ಮೇಲೆ ಕಂಡಕ್ಟರಮ್ಮ ಬಂದು ಪಕ್ಕದ ಸಾಲಿನ ಸೀಟಿನಲ್ಲಿ ಕೂತು ಕಾಲು ಚಾಚಿದರು.

"ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ ಸಾರ್?"

"ನೀವು ಬೇಜಾರು ಮಾಡ್ಕೊಂಡಿದೀರಿ ಅಂತ. ಸದ್ದೇ ಇಲ್ಲ ಈಚೆಗೆ."

"ಅಯ್ಯೋ, ಡ್ಯೂಟಿ ಬದಲಾಯ್ತು ಸಾರ್. ಈಗ ಮೊದಲನೇ ಬಸ್ಸು ನಂದು. ಕತ್ತಲಲ್ಲಿ ಇಳೀತೀನಿ, ನೀವೆಲ್ಲ ಮಲಗಿರ್ತೀರಿ ಅಂತ ಶೂ ಕೈಯಲ್ಲಿ ಹಿಡ್ಕೊಂಡು ಇಳೀತೀನಿ. ಆ ಚಿಪ್ಪಿನ ವಿಷಯ ನಾನು ಅವತ್ತೇ ಮರೆತೆ."

"ಮರೆತ್ರಾ?"

"ಹ್ಞೂ ಸಾರ್. ದಿನಕ್ಕೆ ಎಷ್ಟು ಮುಖ ನೋಡ್ತೀನಿ ಗೊತ್ತಾ? ಎಲ್ಲ ನೆನಪಿಟ್ಕೊಂಡರೆ ತಲೆ ಸಿಡಿದುಹೋಗುತ್ತೆ."

ಒಳ್ಳೆಯದಾಯಿತು ಎಂದ ಮಾವ. ಒಳ್ಳೆಯದೇ ಆಗಿತ್ತು. ಅವರಿಗೆ ನೋವಾಗಿರಲಿಲ್ಲ, ಅವನಿಗೆ ಬೇಕಾಗಿದ್ದದ್ದೂ ಅದೇ. ಇಷ್ಟು ದಿನ ಆ ಚಿಪ್ಪನ್ನು ನೆನೆಯುವವರು ಎದುರಿನ ಬಾಗಿಲ ಆಚೆ ಇನ್ನೊಬ್ಬರಿದ್ದಾರೆ ಅಂದುಕೊಂಡಿದ್ದ, ಅಷ್ಟೇ. ಇನ್ನು ಅವನೊಬ್ಬನೇ.

ಡ್ರೈವರು ಹತ್ತಿ ಹಾರ್ನ್ ಬಾರಿಸಿದ. ಕಂಡಕ್ಟರಮ್ಮ ಎದ್ದು ಚೀಲ ಸರಿಮಾಡಿಕೊಂಡರು. "ವಾಪಸು ಬರ್ತೀರಲ್ಲ ಸಾರ್? ಆ ಟಿಕೆಟ್ ಇಲ್ಲಿಗೆ ಮುಗೀತು, ಬೇರೆ ತಗೋಬೇಕು." ಮಾವ ತಗೊಂಡ. ನಿಲ್ದಾಣದಲ್ಲಿ ಕಾಯುತ್ತಿದ್ದವರು ನುಗ್ಗಿ ಹತ್ತಿದರು, "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತ ಕಂಡಕ್ಟರಮ್ಮ ಆ ಗದ್ದಲದೊಳಗೆ ಸೇರಿಹೋದರು. ಯಾರೋ ಒಬ್ಬರು ಮಾವನ ಪಕ್ಕದಲ್ಲಿ ಜಾಗ ಕೇಳಿದರು. ಮಾವ ಕಿಟಕಿಯ ಕಡೆ ಸರಿದು ಕೂತ.